ಕೆರೆ ದಂಡೆಯ ಟಗರು

"ಎಳೀರಿ ಆ ಮುಳ್ಳು!" ಬಸ್ಸಪ್ಪ ಕುದುರೆಯ ಮೇಲಿಂದಲೇ ಕೂಗಿದ.

ಜವಾನರಿಬ್ಬರು ಕೆರೆಯಂಚಿನ ಜಾಲಿಬೇಲಿಯನ್ನು ಎಳೆದು ಬದಿಗೆ ಹಾಕಿದರು. ಒಳಗೆ ಆಳೆತ್ತರದ ಜೊಂಡು. ಅದರ ನಡುವೆ ಹಸಿಹುಲ್ಲು ಮೇಯುತ್ತ ನಿಂತಿತ್ತು ಟಗರು. ತುಂಬಿದ ಮೈ, ಮಿರುಗುವ ಕರಿಯ ಉಣ್ಣೆ. ಇಂಥದ್ದನ್ನು ಬಸ್ಸಪ್ಪ ಮಸ್ಕಿಯ ಸಂತೆಯಲ್ಲೂ ಕಂಡಿರಲಿಲ್ಲ.

ಅವನು ಜಾಗೀರಿನ ಕಾರಭಾರಿ. ದೀಪಾವಳಿ ಬಂತೆಂದರೆ ಕುರುಬರ ಮನೆಮನೆಯಿಂದ ಒಂದೊಂದು ಟಗರು ಜಾಗೀರದಾರರಿಗೆ ನಜರಾಣೆಯೆಂದು ಕಾಣಿಕೆ ಹೋಗಬೇಕು. ಅದೂ ಹಿಂಡಿಗೆ ಬೀಜವಾಗುವ ಟಗರೇ ಆಗಬೇಕು. ಮೇಲೆ ನಿಜಾಮರ ಸರಕಾರ, ಕೆಳಗೆ ಜಾಗೀರದಾರ. ಕೇಳುವವರು ಯಾರು? ಹೋದ ವರ್ಷ ಈ ಊರಿನ ಅಂಬಪ್ಪ ಮಾತ್ರ ತನ್ನ ಟಗರಿನ ಹಗ್ಗ ಬಿಡಲಿಲ್ಲ. ಜವಾನರ ಪೆಟ್ಟು ತಿಂದು ಮಲಗಿದವನು ಮತ್ತೆ ಏಳಲಿಲ್ಲ.

ಈ ಸಲ ಅವನ ಹೆಂಡತಿ ಗದ್ದೆಮ್ಮ ದೊಡ್ಡಿಯಲ್ಲಿದ್ದ ಒಂದು ಬಡಕಲು ಟಗರನ್ನು ತೋರಿಸಿ, "ಇರೂದು ಇದೊಂದಽ ರೀ" ಅಂದಿದ್ದಳು. ಬಸ್ಸಪ್ಪ ಇನ್ನೇನು ಒಪ್ಪುವುದರಲ್ಲಿದ್ದ. ಅಷ್ಟರಲ್ಲಿ ಊರಿನ ಕಟುಕ ಅಮೀನ್‌ಸಾಬ್ ಕುದುರೆಯ ಮಗ್ಗುಲಿಗೆ ಬಂದು ಪಿಸುಗುಟ್ಟಿದ: "ಸಾಹೇಬ್ರ, ಒಳ್ಳೇ ಟಗರು ಕೆರಿ ದಂಡ್ಯಾಗ ಐತಿ. ಬೇಲಿ ಒಳಗ. ನನ್ನ ಹೆಸರು ಮಾತ್ರ ತಗೀಬ್ಯಾಡ್ರಿ."

ಸುದ್ದಿ ಸುಳ್ಳಾಗಿರಲಿಲ್ಲ.

"ಮುಳ್ಳು ಹಚ್ಚಿ ಬಚ್ಚಿಡತೀಯೇನ ಲೇ, ಮುದುಕಿ?"

ಗದ್ದೆಮ್ಮ ಓಡಿ ಬಂದು ಟಗರಿನ ಕೊರಳು ತಬ್ಬಿ ನಿಂತಳು. "ಇದನ್ನ ಮುಟ್ಟಬ್ಯಾಡ್ರಿ. ಇದು ನಿಮಗ ದಕ್ಕೂದಿಲ್ಲ."

"ದಕ್ಕೂದಿಲ್ಲ? ಯಾರಿಗೆ ಹೇಳಾಕತ್ತೀ ಗೊತ್ತೇನ?"

"ಗೊತ್ತೈತ್ರಿ. ನಿಮ್ಮ ಧಣೀಗೂ ಇದಽ ಮಾತು ಹೇಳ್ರಿ."

ಗದ್ದಲಕ್ಕೆ ಬೆದರಿದ ಟಗರು ಕೊಸರಿಕೊಂಡು ನೀರಿಗೆ ನುಗ್ಗಿತು. ಜವಾನರು ಹಿಂದೆಮುಂದೆ ನೋಡಿದಾಗ ಬಸ್ಸಪ್ಪ ತಾನೇ ಕುದುರೆ ಇಳಿದ.

"ನೀರಿಗೆ ಇಳೀಬ್ಯಾಡ್ರಿ, ಕಾಲು ಕಡೀತಾವ!" ಗದ್ದೆಮ್ಮ ಕೂಗಿದಳು.

ಟಗರು ಉಳಿಸಿಕೊಳ್ಳಲು ಏನೆಲ್ಲ ಹೂಡುತ್ತಾಳೆ ಎಂದು ಅವನಿಗೆ ನಗು ಬಂತು. ಮೊಣಕಾಲುದ್ದ ನೀರಿಗೆ ಇಳಿದ. ಪಾದದಡಿ ಬಸವನಹುಳುಗಳ ಚಿಪ್ಪು ಚಟಚಟ ಒಡೆದವು. ಜೊಂಡಿನ ಬುಡ, ಹುಲ್ಲಿನ ದಂಟು, ತಾವರೆ ಎಲೆಯ ಅಡಿ, ಎಲ್ಲಿ ನೋಡಿದರೂ ಅವೇ. ಜಾಗೀರದಾರರ ಬೇಗಂ ಈ ಸೀಮೆಯಲ್ಲಿಲ್ಲದ ತಾವರೆ ಬೇಕೆಂದಾಗ ದೂರದೇಶದಿಂದ ಗಡ್ಡೆ ತರಿಸಿ ಈ ಕೆರೆಗೆ ಹಾಕಿಸಿದವನು ಬಸ್ಸಪ್ಪನೇ. ಗಡ್ಡೆಗೆ ಮೆತ್ತಿದ ಕೆಸರಿನಲ್ಲಿ ಈ ಹುಳುಗಳೂ ಬಂದಿದ್ದವು. ಅದಕ್ಕೆ ಮೊದಲು ಇಂಥವನ್ನು ಈ ಸೀಮೆಯವರು ನೋಡಿರಲಿಲ್ಲ.

ಟಗರಿನ ಕೊರಳಿಗೆ ಹಗ್ಗ ಬಿತ್ತು. ದಂಡೆಗೆ ಬಂದಾಗ ಗದ್ದೆಮ್ಮ ಮತ್ತೆ ಅದನ್ನು ಹಿಡಿದುಕೊಂಡಳು. ಮರಿಯಿದ್ದಾಗಿನಿಂದ ಕೈತುತ್ತು ಕೊಟ್ಟು ಸಾಕಿದವಳು. ಜವಾನರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕಣ್ಣು ತುಂಬಿದ್ದರೂ ಅವಳು ಒಂದು ಹನಿ ಕೆಳಗೆ ಬೀಳಗೊಡಲಿಲ್ಲ.

"ಒಯ್ರಿ," ಅಂದಳು, ನೆರೆದ ಊರಿಗೆಲ್ಲ ಕೇಳುವಂತೆ. "ಆದರ ಇದಽ ಕಡೀದು. ಇನ್ನ ಮ್ಯಾಲೆ ಈ ಊರಿಂದ ಒಂದು ಮರೀನೂ ನಿಮಗ ಸಿಗೂದಿಲ್ಲ."

"ಮುಂದಿನ ದೀಪಾವಳಿಗೆ ನೋಡೂಣು," ಎಂದು ಬಸ್ಸಪ್ಪ ಕುದುರೆ ಹತ್ತಿದ.

ಜಾಗೀರದಾರರ ವಾಡೆ ಮುಟ್ಟುವಷ್ಟರಲ್ಲಿ ಅವನ ಕಾಲಿನ ತುಂಬ ಕೆಂಪು ಗಂಧೆ ಎದ್ದಿತ್ತು. ಕೆರೆದು ಕೆರೆದು ಚರ್ಮ ಸುಲಿಯಿತು. ಮುದುಕಿಯ ಶಾಪ ಎಂದರು ಜವಾನರು. ಧಣಿ ಟಗರಿನ ಬೆನ್ನು ತಟ್ಟಿ "ಶಹಭಾಸ್" ಎಂದಿದ್ದರಲ್ಲ, ಆ ಖುಷಿಯಲ್ಲಿ ಬಸ್ಸಪ್ಪ ತುರಿಕೆಯನ್ನು ಮರೆತ.

ಚಳಿ ಮುಗಿಯುವ ಹೊತ್ತಿಗೆ ಟಗರು ಸೊರಗತೊಡಗಿತು. ಹಿಡಿ ಹಿಡಿಯಾಗಿ ಉಣ್ಣೆ ಉದುರಿತು. ದವಡೆಯ ಕೆಳಗೆ ನೀರಿನ ಚೀಲದಂತೆ ಬಾವು ಇಳಿಬಿತ್ತು. ಯುಗಾದಿಗೆ ಮುಂಚೆಯೇ ಸತ್ತಿತು. ಲಿಂಗಸುಗೂರಿನಿಂದ ಬಂದ ದನದ ಡಾಕ್ಟರು ಹೊಟ್ಟೆ ಸೀಳಿ ಯಕೃತ್ತನ್ನು ಕೊಯ್ದು ತೋರಿಸಿದರು. ಒಳಗೆ ಎಲೆಯಂಥ ಚಪ್ಪಟೆ ಹುಳುಗಳು ಮಿಜಿಗುಡುತ್ತಿದ್ದವು.

"ಬಸವನಹುಳದಿಂದ ಹುಲ್ಲಿಗೆ, ಹುಲ್ಲಿಂದ ಕುರಿಗೆ ಬರ್ತಾವ. ಮೊದಮೊದಲು ಮೈ ತುಂಬತದ, ಆಮ್ಯಾಲೆ ಹಿಂಗ. ಅಂಥ ಹುಳ ಇರೂ ಕೆರಿ ದಂಡ್ಯಾಗ ಮೇಯ್ದ ಹಿಂಡು ಉಳಿಯಾಂಗಿಲ್ಲ."

ಜಾಗೀರದಾರರು ಮುಂದಿನದನ್ನು ಕೇಳಿಸಿಕೊಳ್ಳಲೇ ಇಲ್ಲ. ತಮ್ಮ ದೊಡ್ಡಿಯ ಕಡೆ ನೋಡಿ, ಅಲ್ಲಿನ ಹಿಂಡಿಗೂ ರೋಗ ಅಂಟೀತೆಂದು ಬೆವರಿದರು. "ಆ ಊರಿನ ಉಣ್ಣೆಯ ಎಳೆಯೂ ನನ್ನ ಅಗಸಿ ಬಾಗಿಲು ದಾಟಕೂಡದು. ಅಲ್ಲಿನ ನಜರಾಣೆ ಇವತ್ತಿಗೆ ಬಂದ್. ಡಂಗುರ ಸಾರಿಸಿ ಬಾ."

ಬಸ್ಸಪ್ಪ ಹುರುಪಿನಿಂದಲೇ ಹೊರಟ. ಟಗರನ್ನು ಬಚ್ಚಿಟ್ಟ ಜಾಗವೇ ಮುದುಕಿಯನ್ನು ಮುಳುಗಿಸಿತ್ತು. ಹಿಂಡು ಹಿಂಡೇ ಸತ್ತು ಬರಿದಾದ ದೊಡ್ಡಿಯ ಮುಂದೆ ತಲೆ ತಗ್ಗಿಸಿ ಕೂತ ಗದ್ದೆಮ್ಮನನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಊರ ಚಾವಡಿಯ ಮುಂದೆ ಡಂಗುರ ಹೊಡೆಸಿದ. ಈ ಊರಿನ ಕುರಿ ಜಾಗೀರಿಗೆ ಬೇಡ, ಇನ್ನೆಂದೂ ಬೇಡ. ಯಾರೂ ಅಳಲಿಲ್ಲ. ಗದ್ದೆಮ್ಮ ಮುಂದೆಯೇ ನಿಂತಿದ್ದಳು. ಅವಳ ಪಕ್ಕದಲ್ಲಿ, ಅವಳೇ ಕೊಟ್ಟ ಎಲೆಯಡಿಕೆ ಮೆಲ್ಲುತ್ತ, ಊರಿನ ಕುರಿಗಳ ಹೊಟ್ಟೆಯೊಳಗನ್ನೆಲ್ಲ ಕೊಯ್ದು ಬಲ್ಲ ಕಟುಕ ಅಮೀನ್‌ಸಾಬ್.

"ನಿನ್ನವು ಎಷ್ಟು ಉಳದಾವ?" ಬಸ್ಸಪ್ಪ ಮೀಸೆಯಡಿ ನಗುತ್ತ ಕೇಳಿದ.

ಅವಳು ಗುಡ್ಡದ ಕಡೆ ಕೈ ತೋರಿಸಿದಳು. ಇಳಿಜಾರು ಕುರಿಗಳಿಂದ ಕಪ್ಪಾಗಿತ್ತು. ಮರಿಗಳು ಬಂಡೆಯಿಂದ ಬಂಡೆಗೆ ಜಿಗಿಯುತ್ತಿದ್ದವು. ಒಂದರ ದವಡೆಯೂ ಬಾತಿರಲಿಲ್ಲ.

ಬಸ್ಸಪ್ಪನ ನಗು ಅಲ್ಲೇ ನಿಂತಿತು. "ಟಗರು ಹುಳ ಬಿದ್ದು ಸತ್ತದ. ಇವ್ಯಾಕ ಸಾಯಲಿಲ್ಲ?"

"ಆ ದಂಡೀಗೆ ನಾವು ಯಾರೂ ಕುರಿ ಬಿಡೂದಿಲ್ರೀ," ಅಂದಳು ಗದ್ದೆಮ್ಮ. "ಅಲ್ಲಿ ಮೇಯ್ಸಿದ್ದು ನಿಮ್ಮ ಸಲುವಾಗಿ ಸಾಕಿದ ಅದೊಂದನ್ನಽ."