ಯಜಮಾನರಿಗೆ ಕೊಡ್ತೀನಿ

ಪರಮಶಿವಯ್ಯ ಹೊಸ ಫೋನಿನಿಂದ ವನಗೂರಿನ ಡೊರಿನ್ ಬಾಯಮ್ಮನಿಗೆ ಮೊದಲ ಕರೆ ಮಾಡಿದ. ಎರಡು ಸಲ ರಿಂಗಾಗಿ ಕಟ್ ಆಯಿತು. ರಿಸೀವರನ್ನು ಒಮ್ಮೆ ತಿರುಗಿಸಿ ನೋಡಿ, ಬಂದ ನೆಂಟರನ್ನು ಕೂರಿಸುವಷ್ಟು ಮರ್ಯಾದೆಯಿಂದ ಅದರ ಜಾಗದಲ್ಲಿ ಇಟ್ಟ.

ಆನೇಮಹಲ್‌ನ ಹೆದ್ದಾರಿ ಬದಿಯಲ್ಲಿ ಅವನದು ಪಂಪ್ ಮಾರುವ, ರಿಪೇರಿ ಮಾಡುವ ಅಂಗಡಿ. ಮೊಗ್ಗು ಅರಳಲೆಂದು ಕಾಫಿಗೆ ಹೂವಿನ ನೀರು ಕೊಡುವ ಕಾಲ. ಬಾಯಮ್ಮನ ಡೀಸೆಲ್ ಪಂಪು ಕೆಲಸದ ನಡುವೆಯೇ ಕೆಟ್ಟು, ಅರ್ಧ ತೋಟ ನೆನೆದು ಇನ್ನರ್ಧ ಬಾಯಾರಿ ನಿಂತಿತ್ತು. ಪಂಪನ್ನು ಅಂಗಡಿಯಲ್ಲಿ ಇಳಿಸುವಾಗಲೇ ಆಕೆ ಹೇಳಿ ಹೋಗಿದ್ದರು: ಗುರುವಾರ ಮಧ್ಯಾಹ್ನದೊಳಗೆ ಫೋನ್ ಬಂದರೆ ಜೀಪ್ ಕಳಿಸುತ್ತಾರೆ, ಬರದಿದ್ದರೆ ರಿಪೇರಿ ಆಗಿಲ್ಲವೆಂದು ತಿಳಿದು ಪೇಟೆಯ ಇನ್ನೊಂದು ಅಂಗಡಿಯಲ್ಲಿ ಹೊಸದನ್ನೇ ಕೊಳ್ಳುತ್ತಾರೆ. ಮೊಗ್ಗು ಯಾರಿಗೂ ಕಾಯುವುದಿಲ್ಲ. ಆಕೆಯ ಮೇಲಿನ ತೋಟಕ್ಕೆ ಬೇಕಾದ ದೊಡ್ಡ ಪಂಪನ್ನು ಎಲ್ಲಿ ಕೊಳ್ಳುವುದು ಎನ್ನುವುದೂ ಇದರ ಮೇಲೆಯೇ ನಿಂತಿತ್ತು. ಇಂದು ಗುರುವಾರ. ರಿಪೇರಿಯಾದ ಪಂಪು ಎಣ್ಣೆ ಒರೆಸಿಕೊಂಡು ಕೌಂಟರಿನ ಬುಡದಲ್ಲಿ ಸಿದ್ಧವಾಗಿ ಕೂತಿತ್ತು.

ಹೊಸ ಫೋನೂ ಸಿದ್ಧವಾಗಿಯೇ ಕೂತಿತ್ತು. ಕೌಂಟರಿಗೊಂದು, ವರ್ಕ್‌ಶಾಪಿಗೊಂದು, ಸ್ಟೋರಿಗೊಂದು. ಎಲ್ಲಕ್ಕೂ ಸೇರಿ ಗೋಡೆಯ ಮೇಲೊಂದು ಡಬ್ಬಿ. ಆ ಡಬ್ಬಿಗೆ ಹಾಸನದಿಂದ ಬಂದ ಮೇಘಾ ಹಿಂದಿನ ದಿನ ಇಂಟರ್ನೆಟ್ ಲೈನ್ ಜೋಡಿಸಿ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಹೇಳಿದ್ದಳು. ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳಿದ್ದಳು. ಇಲ್ಲಿಂದ ಕರೆ ಮಾಡಿದಾಗ ಜನರಿಗೆ ಯಾವ ನಂಬರ್ ಕಾಣಬೇಕು, ಅಂಗಡಿಯ ಹಳೆಯದೋ, ಲೈನಿನ ಜೊತೆಗೆ ಬಂದ ಬೆಂಗಳೂರಿನದೋ?

"ಬೆಂಗಳೂರಿಂದೇ ಕಾಣ್ಲಿ ಕಣಮ್ಮ. ಹಳೇದು ಕಂಡ್ರೆ ಪರಮಶಿವಣ್ಣ ಅಂತಾರೆ. ಇದು ಕಂಡ್ರೆ ಕಂಪನಿ ಅಂತಾರೆ."

"ಆ ನಂಬರ್ ಕಂಡ್ರೆ ಜನ ಎತ್ತಲ್ಲ ಸಾರ್."

"ನಮ್ ಜನ ನಂಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿಲ್ಲದೆ ಏನು, ಅವರನ್ನು ಪಳಗಿಸಿದವನೇ ಅವನು. ಸಾಲ ಬೇಕಾ, ಸೈಟು ಬೇಕಾ ಎಂದು ಬೆಂಗಳೂರಿನ ನಂಬರಿನಿಂದ ಕರೆ ಬಂದರೆ ಪರಮಶಿವಯ್ಯ ಬೈಯುತ್ತಿರಲಿಲ್ಲ. "ಒಂದ್ನಿಮಿಷ ಸಾರ್, ಯಜಮಾನರಿಗೆ ಕೊಡ್ತೀನಿ" ಎಂದು ವಿನಯವಾಗಿ ಹೇಳಿ, ಓಡುತ್ತಿರುವ ಪಂಪಿನ ಪಕ್ಕದಲ್ಲಿ ಮೊಬೈಲ್ ಇಟ್ಟು ಚಹಾಕ್ಕೆ ಹೋಗುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗಳು ಇದನ್ನು ನೋಡಿ ನಕ್ಕು, ಕಲಿತುಕೊಂಡು ಹೋಗಿ, ತಮ್ಮ ತಮ್ಮ ಊರುಗಳಲ್ಲಿ ಹರಡಿದ್ದರು. ಡೊರಿನ್ ಬಾಯಮ್ಮನಂತೂ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಮೇಘಾ ಎಚ್ಚರಿಸಿದ ಹೊತ್ತಿನಲ್ಲಿ ಮಾತ್ರ ಇದ್ಯಾವುದೂ ಅವನ ತಲೆಗೆ ಬರಲಿಲ್ಲ. ತಲೆಯ ತುಂಬ ಕಂಪನಿಯೇ ಇತ್ತು.

ಎರಡನೆಯ ಕರೆಯೂ ಕಟ್ ಆದಾಗ ಮೆಕ್ಯಾನಿಕ್ ಸಿದ್ದು ಕೈ ಒರೆಸಿಕೊಳ್ಳುತ್ತ ಬಂದು, ತನ್ನ ಮೊಬೈಲಿನಿಂದ ಮಾಡಿನೋಡಿ ಎಂದ. ಪರಮಶಿವಯ್ಯ ಸ್ವಂತ ಮೊಬೈಲನ್ನೇ ಇನ್ನು ನಿನಗೆ ರಜೆ ಎಂದು ಬೆಳಿಗ್ಗೆ ಆಫ್ ಮಾಡಿ ಡ್ರಾಯರಿಗೆ ಹಾಕಿದ್ದ. ಹಾಗಿರುವಾಗ ಸಿದ್ದುವಿನದನ್ನು ಮುಟ್ಟುವುದೇ?

"ಬೇಡ ಕಣೋ. ಕಂಪನಿ ನಂಬರ್ ನೋಡಿ ಒಂಚೂರು ಗಾಬರಿಯಾಗವ್ರೆ. ರೂಢಿಯಾಗ್ಲಿ."

ರೂಢಿಯಾಗಲಿ ಎಂದು ಊಟ ಮಾಡಿದ. ಹೆಗ್ಗದ್ದೆಯಿಂದ ಬಂದವರಿಗೆ ಪೈಪು ಕೊಟ್ಟ, ಅವರು ಕೇಳದಿದ್ದರೂ ಹೊಸ ಡಬ್ಬಿಯನ್ನು ತೋರಿಸಿದ. ಮಧ್ಯಾಹ್ನ ಕಳೆದು, ಬಿಸಿಲು ಕೌಂಟರಿನಿಂದ ಇಳಿದು ಬಾಗಿಲ ಹೊಸಿಲಿಗೆ ಬಂದಾಗ ಬಾಯಮ್ಮನ ಪಂಪು ಕಾಲಿಗೆ ತಾಗಿ, ಮೂರನೆಯ ಸಲ ಕರೆ ಮಾಡಿದ.

ಈ ಸಲ ಎತ್ತಿದರು. ಪರಮಶಿವಯ್ಯ ಸಿದ್ದುವಿನ ಕಡೆ ನೋಡಿ ಹುಬ್ಬು ಹಾರಿಸಿದ. ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ನಾವು ಆನೇಮಹಲ್..." ಎನ್ನುವಷ್ಟರಲ್ಲಿ ಆ ಕಡೆಯಿಂದ ಜೇನಿನಂಥ ದನಿ ಬಂತು.

"ಒಂದ್ನಿಮಿಷ ಸಾರ್, ಯಜಮಾನರಿಗೆ ಕೊಡ್ತೇನೆ."

ಆಮೇಲೆ ಡಬಡಬ ಡಬಡಬ. ಪರಮಶಿವಯ್ಯನಿಗೆ ಮೊದಲು ನಗುವೇ ಬಂತು. ಹೇಳಿಕೊಟ್ಟ ಪಾಠವನ್ನು ಎಷ್ಟು ಚೆನ್ನಾಗಿ ಒಪ್ಪಿಸಿದರು! ನಗುತ್ತಲೇ ಅವನ ಕಣ್ಣು ಕೆಳಗಿಳಿಯಿತು. ಬಾಯಮ್ಮನ ಪಂಪು ಇಲ್ಲಿ ಅವನ ಕಾಲಬುಡದಲ್ಲಿತ್ತು. ಹಾಗಾದರೆ ಅಲ್ಲಿ ಓಡುತ್ತಿರುವುದು ಯಾವುದು?

ಕಿವಿಗೊಟ್ಟು ಕೇಳಿದ. ಹೊಸ ಇಂಜಿನ್ನು. ಪೇಟೆಯ ಅಂಗಡಿಯವನು ಮಾರುವ ಮಾಲು, ಅನುಮಾನವೇ ಇಲ್ಲ. ಮೇಘಾ ಸುಳ್ಳು ಹೇಳಿರಲಿಲ್ಲ, ಪಕ್ಕದಲ್ಲೇ ಕೂತ ಹಾಗೆ ಕೇಳಿಸುತ್ತಿತ್ತು. ಡಬಡಬದ ನಡುವೆ ಆಗಾಗ ಪಂಪಿನದೇ ಒಂದು ಸಣ್ಣ ಕೆಮ್ಮು. ಮತ್ತೆ ಕೆಮ್ಮು.

"ಏನಂತಾರೆ ಅಣ್ಣ?" ಸಿದ್ದು ಕೇಳಿದ.

ಪರಮಶಿವಯ್ಯ ಸುಮ್ಮನಿರು ಎಂದು ಕೈ ತೋರಿಸಿದ. ಅವನ ಮುಖದಲ್ಲಿದ್ದ ಕಂಪನಿ ಇಳಿದುಹೋಗಿತ್ತು. ಇನ್ನೊಮ್ಮೆ ಕೆಮ್ಮು ಕೇಳಿದ್ದೇ ತಡ, ತಡೆಯಲಾರದೆ, ಹೆದ್ದಾರಿಯ ಲಾರಿಯವರೂ ತಿರುಗಿ ನೋಡುವಂತೆ ರಿಸೀವರಿಗೆ ಕೂಗತೊಡಗಿದ.

"ಬಾಯಮ್ಮಾ, ಸಕ್ಷನ್ ಪೈಪು ನೋಡ್ಸಿ. ಎಲ್ಲೋ ಗಾಳಿ ಎಳೀತೈತೆ. ಹಿಂಗೇ ಓಡ್ಸಿದ್ರೆ ಸೀಲ್ ಸುಟ್ಟೋಗ್ಬುಡ್ತದೆ, ಆಫ್ ಮಾಡ್ಸಿ ಮೊದ್ಲು!"

ಯಜಮಾನರು ಡಬಡಬ ಎಂದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.