ಹುಕ್ಕು ಮಾತ್ರ ಬಾಕಿ

ಕೀಬೋರ್ಡುಗಳು ಹೋಗಿ, ಮನಸ್ಸಿನಲ್ಲಿ ಅಂದುಕೊಂಡದ್ದೇ ನೇರವಾಗಿ ಪರದೆಗೆ ಹೋಗುವ ಕಾಲ ಬಂದ ಮೇಲೆ, ನನ್ನ ಟೈಲರಿಂಗ್ ಅಂಗಡಿಯ ವೆಬ್‌ಸೈಟಿಗೂ ಚಾಟ್ ಹಾಕಿಸಿದೆ. ಅದನ್ನು ಬಳಸುವುದು ಕಲಿಯಲು ಹೋದ ಸಂಜೆ ತರಗತಿಯ ಮೇಷ್ಟ್ರು, "ಗಿರಾಕಿಗೆ ಉತ್ತರ ಕೊಡುವಾಗ ಬೇರೇನೂ ಯೋಚಿಸಬೇಡಿ, ಜಲಜಮ್ಮ" ಎಂದಿದ್ದರು. ಅದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡಿದ್ದೆ.

ಮೊದಲ ದಿನವೇ ಚಾಟಿಗೆ ಸರ್ವಮಂಗಳಕ್ಕ ಬಂದರು. ಅವರೊಬ್ಬರು ನನ್ನ ಅಂಗಡಿ ಬಿಟ್ಟರೆ ಅವರ ಬೀದಿಯವರೆಲ್ಲ ಬಿಟ್ಟಂತೆ.

"ಶುಕ್ರವಾರ ಮಗಳ ನಿಶ್ಚಿತಾರ್ಥ. ಬ್ಲೌಸ್ ಆಯ್ತೇನೇ?"

"ಆಗಿದೆ ಅಕ್ಕ, ಹುಕ್ಕು ಮಾತ್ರ ಬಾಕಿ" ಎಂದು ಹದಿನೆಂಟು ವರ್ಷಗಳಿಂದ ಎಲ್ಲರಿಗೂ ಹೇಳುವುದನ್ನೇ ಅಂದುಕೊಂಡೆ. ಅದರ ಬೆನ್ನಿಗೇ, "ಅಯ್ಯೋ, ಇನ್ನೂ ಬಟ್ಟೆಯನ್ನೇ ಕತ್ತರಿಸಿಲ್ಲ" ಎಂಬುದೂ ಹೋಯಿತು. ಗಾಬರಿಯಲ್ಲಿ ಪರದೆಯನ್ನು ಸೆರಗಿನಿಂದ ಮುಚ್ಚಿದೆ, ಏನೋ ತಡೆಯಬಹುದು ಎಂಬಂತೆ.

"ನಾಡಿದ್ದೇ ಶುಕ್ರವಾರ ಕಣೇ!" ಎಂದು ಉತ್ತರ ಬಂತು. ಅದರ ಬೆನ್ನಿಗೇ, "ಇವಳು ಹೀಗೆ ಮಾಡ್ತಾಳೆ ಅಂತಲೇ ಭಾನುವಾರದ್ದನ್ನ ಶುಕ್ರವಾರ ಅಂದಿದ್ದು."

ಸ್ವಲ್ಪ ಹೊತ್ತು ಇಬ್ಬರೂ ಏನನ್ನೂ ಯೋಚಿಸದಿರಲು ಹೆಣಗಿದೆವು.

"ಕ್ಷಮಿಸಿ ಅಕ್ಕ, ಈಗಲೇ ಕತ್ತರಿ ಹಿಡಿಯುತ್ತೇನೆ" ಎಂದೆ, ಮನಸಾರೆ.

"ಭಾನುವಾರವಾ? ಹಾಗಾದರೆ ಇನ್ನೂ ಎರಡು ದಿನ ಸಿಕ್ಕಿತು" ಎಂಬುದೂ ಹೋಯಿತು.