ಗೋಡೆಯ ಮೇಲಿನ ಮರೆ

ಬೆಳಗಾದರೆ ಸಾಕು, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೈಚಾಚಿ ದಾಸವಾಳದ ಗಿಡ ಬೋಳಿಸುತ್ತಾಳೆಂದು ಶ್ರೀಪಾದರಾಯರಿಗೆ ಮೈಯೆಲ್ಲ ಉರಿ. ಹೆಂಡತಿ ತವರಿಗೆ ಹೋದದ್ದೇ ತಡ, ಬಡಗಿಯನ್ನು ಕರೆಸಿ ಗೋಡೆಯ ಮೇಲೆ ಆಳೆತ್ತರದ ಹಲಗೆಯ ಮರೆ ಕಟ್ಟಿಸಿದರು.

“ಗಾಳಿಗೆ ಒಂಚೂರು ಸಂದು ಬಿಡ್ಲಾ ಸ್ವಾಮಿ?”

“ಬೆರಳೂ ತೂರಬಾರದು ಕಣಯ್ಯ! ಕದ್ದ ಹೂವಲ್ಲಿ ದೇವರ ಪೂಜೆಯಂತೆ, ನಾಚಿಕೆಗೆಟ್ಟವರು!”

ಹೆಂಡತಿ ವಾಪಸು ಬಂದ ಮರುದಿನ ರಾಯರು ಮಡಿಯುಟ್ಟು ಪೂಜೆಗೆ ಕುಳಿತರು. ಬುಟ್ಟಿಯ ತುಂಬ ದಾಸವಾಳ. ಆಕೆ ದಿನಾ ತಂದಿಡುತ್ತಿದ್ದ ಸಂಪಿಗೆ ಮಾತ್ರ ಇರಲಿಲ್ಲ.

“ಸಂಪಿಗೆ ಎಲ್ಲೇ? ಹೂವಿನವಳು ಬರಲಿಲ್ವಾ?”

“ಯಾವ ಹೂವಿನವಳು?” ಹೆಂಡತಿ ಕೊಕ್ಕೆಕೋಲನ್ನು ಮೂಲೆಗೆ ಒರಗಿಸಿದಳು. “ಅಷ್ಟೆತ್ತರ ಹಲಗೆ ಹೊಡೆಸಿದ್ರೆ ಅವರ ಮರದ ಸಂಪಿಗೇನ ನಾನು ಹೇಗ್ರೀ ಕೀಳ್ಲಿ?”